ಮೊದಲ ಹಾವಿಗೆಂದು ಕೊಂಡ ಸಿದ್ಧ ಗೂಡು: ಎರಡು ವರ್ಷದ ಬಳಕೆಯ ನಂತರದ ವಿಮರ್ಶೆ

ಮೊದಲ ಬಾರಿಗೆ ಹಾವು ಸಾಕಲು ಹೊರಟವರಿಗೆಂದೇ ಮಾರುವ ಸಿದ್ಧ ಗೂಡೊಂದನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ದಿನವೂ ಬಳಸಿದ್ದೇನೆ. 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಗಾಜಿನ ಪೆಟ್ಟಿಗೆ, ಅದರ ಮೇಲೆ ಲೋಹದ ಜಾಲರಿಯ ಮುಚ್ಚಳ, ತಳಕ್ಕೆ ಹೊರಗಿನಿಂದ ಅಂಟಿಸುವ, ವಿದ್ಯುತ್ತಿನಿಂದ ಕಾಯುವ ಹಾಳೆಯಾದ ಹೀಟ್ ಮ್ಯಾಟ್, ಒಳಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್, ಒಂದು ಅಡಗುಗೂಡು, ಒಂದು ನೀರಿನ ಬಟ್ಟಲು, ಇಟ್ಟಿಗೆಯಂತೆ ಒತ್ತಿದ ತೆಂಗಿನ ನಾರಿನ ಪುಡಿ, ಜೊತೆಗೆ 16 ಪುಟಗಳ ಕೈಪಿಡಿ: ಇವಿಷ್ಟೂ ಒಂದೇ ರಟ್ಟಿನ ಡಬ್ಬದಲ್ಲಿ ಬರುತ್ತವೆ. ಇದೇ ಬಗೆಯ ಜೋಡಣೆಯನ್ನು ಹಲವರು ಹಲವು ಹೆಸರಿನಲ್ಲಿ ಮಾರುವುದರಿಂದ ನಾನು ಕೊಂಡದ್ದರ ಹೆಸರು ಹೇಳುವುದಿಲ್ಲ. ಡಬ್ಬದೊಳಗೆ ಏನಿದೆ, ಏನಿಲ್ಲ ಎಂಬುದನ್ನು ಹೇಳುತ್ತೇನೆ. ಗಾಜಿನ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಈ ಡಬ್ಬದಲ್ಲಿಲ್ಲ, ಅದು ಬೇಕೆಂಬ ಒಂದು ಮಾತೂ ಕೈಪಿಡಿಯಲ್ಲಿಲ್ಲ. ಹೊರಗಿನಿಂದ ದೊರೆತ ಶಾಖದ ಬಲದಿಂದಲೇ ಆಹಾರವನ್ನು ಅರಗಿಸಿಕೊಂಡು, ಓಡಾಡಿ, ರೋಗವನ್ನು ತಡೆದುಕೊಳ್ಳುವ ಪ್ರಾಣಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿರಲಾರದು. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಶಾಖದ ಸುತ್ತಲೇ ಇದೆ.

ಗೂಡಿಗಿಂತ ಮೊದಲು ಹಾವಿನ ಮಾತು. ಡಬ್ಬದ ಮೇಲೆ ಮೂರು ಹಾವುಗಳ ಚಿತ್ರವಿದೆ: ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಮತ್ತು ಬೋವಾ ಕನ್‌ಸ್ಟ್ರಿಕ್ಟರ್. ಈ ಗೂಡು ಮೂರಕ್ಕೂ ಒಪ್ಪುತ್ತದೆಂಬ ಭಾವನೆಯನ್ನು ಆ ಚಿತ್ರ ಹುಟ್ಟಿಸುತ್ತದೆ, ಅದು ಸರಿಯಲ್ಲ. ಬೆಳೆದ ಬೋವಾ ಎರಡು ಮೀಟರ್ ಮುಟ್ಟುವುದು, ದಾಟುವುದು ಸಾಮಾನ್ಯ. ಅಂಥ ಹಾವನ್ನು ಹಿಡಿದು ನಿಭಾಯಿಸಲು ಇನ್ನೊಬ್ಬರ ನೆರವು ಬೇಕಾಗುತ್ತದೆ, ಅದರ ಮರಿಗೂ ಈ ಗೂಡು ಬಹಳ ಕಾಲ ಸಾಲುವುದಿಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಸಾಧು. ಹೆದರಿದಾಗ ಕಚ್ಚುವುದಕ್ಕಿಂತ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಮರೆಮಾಡುವುದೇ ಅದರ ರೂಢಿ, ಅದಕ್ಕೆ ಆ ಹೆಸರು. ಆದರೆ ಅದಕ್ಕೆ ಬೆಚ್ಚಗಿನ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಗಾಳಿಯಲ್ಲಿ ಶೇಕಡಾ 60ರ ಆಸುಪಾಸಿನ ತೇವ ಬೇಕು. ಮೇಲ್ಭಾಗವೆಲ್ಲ ಜಾಲರಿಯಾಗಿರುವ ಈ ಗೂಡಿನಲ್ಲಿ ತೇವ ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ. ಅಲ್ಲದೆ, ಆರೋಗ್ಯವಾಗಿರುವಾಗಲೂ ತಿಂಗಳುಗಟ್ಟಲೆ ಆಹಾರ ಮುಟ್ಟದೆ ಇರುವುದು ಬಾಲ್ ಪೈಥಾನಿನ ಸ್ವಭಾವ. ಅನುಭವಿಗಳು ಆ ಉಪವಾಸವನ್ನು ತೂಕ ನೋಡುತ್ತ ತಾಳ್ಮೆಯಿಂದ ಕಳೆಯುತ್ತಾರೆ. ಹೊಸಬರು ಗಾಬರಿಬಿದ್ದು ದಿನಕ್ಕೊಂದು ಪ್ರಯೋಗ ಮಾಡಿ ಹಾವನ್ನು ಇನ್ನಷ್ಟು ಬೆದರಿಸುತ್ತಾರೆ.

ಈ ಕಾರಣಗಳಿಂದ ನಾನು ಕಾರ್ನ್ ಸ್ನೇಕ್ ಆರಿಸಿಕೊಂಡೆ, ಮೊದಲ ಹಾವು ಯಾವುದಿರಲಿ ಎಂದು ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಅಮೆರಿಕದ ಆಗ್ನೇಯ ಭಾಗದ ಈ ವಿಷರಹಿತ ಹಾವು ಮೊಟ್ಟೆಯಿಂದ ಹೊರಬಂದಾಗ 20ರಿಂದ 30 ಸೆಂಟಿಮೀಟರ್ ಉದ್ದ, ಪೆನ್ಸಿಲ್ಲಿಗಿಂತ ತೆಳ್ಳಗೆ ಇರುತ್ತದೆ. ಬೆಳೆದ ಮೇಲೆ ಸಾಮಾನ್ಯವಾಗಿ 90ರಿಂದ 150 ಸೆಂಟಿಮೀಟರ್ ಆಗುತ್ತದೆ. ಹೊಟ್ಟೆಯ ಮೇಲಿನ ಕಪ್ಪು ಬಿಳುಪು ಚೌಕುಳಿ ಮೆಕ್ಕೆಜೋಳದ ತೆನೆಯ ಕಾಳುಗಳನ್ನು ನೆನಪಿಸುವುದರಿಂದ ಈ ಹೆಸರು ಬಂತೆನ್ನುವವರಿದ್ದಾರೆ, ಇಲಿ ಹುಡುಕಿಕೊಂಡು ಜೋಳದ ಕಣಜಗಳ ಬಳಿ ಸುಳಿದಾಡುತ್ತಿದ್ದುದರಿಂದ ಬಂತೆನ್ನುವವರೂ ಇದ್ದಾರೆ. ಸಾಧಾರಣ ಒಣ ಗಾಳಿ ಇದಕ್ಕೆ ಸಾಕು, ಹಸಿವು ಚೆನ್ನಾಗಿರುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಇದು ತಾಳಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಕೂಡ ಗಟ್ಟಿಮುಟ್ಟಾದದ್ದೇ. ಆದರೆ ಅದು ಬೇರೆ ಹಾವುಗಳನ್ನು ತಿನ್ನುವ ಜಾತಿ, ಎದುರಿಗೆ ಬಂದ ಕೈಬೆರಳನ್ನೂ ಆಹಾರವೆಂದು ಹಿಡಿಯುವಷ್ಟು ಆತುರದ್ದು. ಹಾಗೆಂದು ಕಾರ್ನ್ ಸ್ನೇಕುಗಳನ್ನು ಎರಡೆರಡು ಒಟ್ಟಿಗಿಡಬಹುದು ಎಂದಲ್ಲ. ಹಾವಿಗೆ ಜೊತೆಗಾರ ಬೇಕಿಲ್ಲ, ಒಂದು ಗೂಡಿನಲ್ಲಿ ಒಂದೇ ಇರಬೇಕು.

ಆಯಸ್ಸಿನ ಬಗ್ಗೆ ಕೈಪಿಡಿ ಒಂದೇ ಸಾಲು ಬರೆದು ಮುಂದೆ ಹೋಗುತ್ತದೆ. ಸರಿಯಾಗಿ ನೋಡಿಕೊಂಡ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ, ಬಾಲ್ ಪೈಥಾನ್ 30 ವರ್ಷ ಮುಟ್ಟಬಲ್ಲದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟಿತು. ಎಲ್ಲ ಹಾವುಗಳೂ ಅಷ್ಟು ಬಾಳುವುದಿಲ್ಲ, ಆದರೂ ಇಂದು ಹತ್ತು ವರ್ಷದ ಮಗುವಿಗೆಂದು ತಂದ ಹಾವು ಆ ಮಗು ದುಡಿಯಲು ತೊಡಗಿದ ಮೇಲೂ ಮನೆಯಲ್ಲಿರುತ್ತದೆ ಎಂಬುದನ್ನು ಡಬ್ಬದ ಮೇಲೆಯೇ ದೊಡ್ಡದಾಗಿ ಅಚ್ಚು ಹಾಕಿದ್ದರೆ ಒಳ್ಳೆಯದಿತ್ತು.

ಹಾವನ್ನು ಆರಿಸುವಾಗ ನೋಡಬೇಕಾದದ್ದು ಬಣ್ಣಕ್ಕಿಂತ ಹುಟ್ಟು ಮತ್ತು ಆರೋಗ್ಯ. ಕಾಡಿನಿಂದ ಹಿಡಿದು ತಂದ ಹಾವನ್ನು ಯಾವ ಕಾರಣಕ್ಕೂ ಕೊಳ್ಳಬಾರದು: ಅದು ಕಾಡಿಗೂ ನಷ್ಟ, ಬೆದರಿಕೆಯಿಂದ ಆಹಾರ ಬಿಟ್ಟು ಹೊಟ್ಟೆಹುಳುಗಳನ್ನು ಹೊತ್ತು ಬರುವ ಆ ಜೀವಕ್ಕೂ ಹಿಂಸೆ. ತಾನಿರುವ ನಾಡಿನ ಕಾನೂನು ಯಾವ ಜಾತಿಯನ್ನು ಸಾಕಲು ಬಿಡುತ್ತದೆ, ಯಾವ ಪರವಾನಗಿ ಕೇಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಹೆಬ್ಬಾವಿನ ಕುಟುಂಬದ ಹಾವುಗಳೆಲ್ಲ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವುದರಿಂದ ಅವುಗಳ ಕಾಗದಪತ್ರಗಳನ್ನು ವಿಶೇಷವಾಗಿ ನೋಡಬೇಕು. ಸಾಕಿದ ಹಾವುಗಳಿಗೇ ಹುಟ್ಟಿದ ಮರಿಯೆಂದು ಖಾತ್ರಿಯಾದ ಮೇಲೆ, ಅದು ಎಂದು ಹುಟ್ಟಿತು, ಎಷ್ಟು ಬಾರಿ ತಿಂದಿದೆ, ಕೊನೆಯ ಪೊರೆಯನ್ನು ಎಂದು ಬಿಟ್ಟಿತು ಎಂಬ ಬರಹವನ್ನು ಕೇಳಿ ಪಡೆಯಬೇಕು. ಹೆಪ್ಪುಗಟ್ಟಿಸಿ ಕರಗಿಸಿದ ಇಲಿಮರಿಯನ್ನು ತಾನಾಗಿಯೇ ತಿನ್ನುವುದನ್ನು ನಮ್ಮ ಕಣ್ಣೆದುರೇ ತೋರಿಸಲು ಒಪ್ಪುವವರಾದರೆ ಇನ್ನೂ ಒಳ್ಳೆಯದು. ಕೈಗೆತ್ತಿಕೊಂಡಾಗ ಮರಿ ಜೋತುಬೀಳದೆ ಬೆರಳನ್ನು ಹಿಡಿದುಕೊಳ್ಳಬೇಕು; ಕಣ್ಣು ತಿಳಿಯಾಗಿರಬೇಕು; ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆ ಇರಬಾರದು; ಗುದದ್ವಾರದ ಸುತ್ತ ಕೊಳೆ ಮೆತ್ತಿರಬಾರದು. ದವಡೆಯ ಕೆಳಗಿನ ಹುರುಪೆಗಳ ಸಂದಿಯಲ್ಲಾಗಲಿ, ನೀರಿನ ಬಟ್ಟಲಿನ ತಳದಲ್ಲಾಗಲಿ ಗಸಗಸೆ ಗಾತ್ರದ ಕಪ್ಪು ಚುಕ್ಕೆಗಳು ಕಂಡರೆ ಅವು ರಕ್ತ ಹೀರುವ ನುಸಿಗಳು. ಅಂಥ ಕಡೆಯಿಂದ ಏನನ್ನೂ ಕೊಳ್ಳದೆ ಹಿಂದಿರುಗುವುದೇ ಸರಿ.

ಈಗ ಗೂಡಿಗೆ ಬರುತ್ತೇನೆ. ಗಾಜು ದಪ್ಪವಾಗಿದೆ, ಮೂಲೆಗಳ ಸಿಲಿಕೋನ್ ಬೆಸುಗೆ ಎರಡು ವರ್ಷದಲ್ಲಿ ಎಲ್ಲಿಯೂ ಬಿಟ್ಟಿಲ್ಲ, ಮುಂಭಾಗದ ಎರಡು ಬಾಗಿಲುಗಳು ಸದ್ದಿಲ್ಲದೆ ತೆರೆಯುತ್ತವೆ. ಬಾಗಿಲು ಮುಂಭಾಗದಲ್ಲಿರುವುದು ಅಂದಕ್ಕಾಗಿ ಮಾತ್ರವಲ್ಲ. ತಲೆಯ ಮೇಲಿಂದ ಇಳಿದುಬರುವ ಕೈ ಹಾವಿನ ಮಟ್ಟಿಗೆ ಹದ್ದಿನಂತೆ. ಬದಿಯಿಂದ, ನೆಲದ ಮಟ್ಟದಲ್ಲಿ ಬರುವ ಕೈಗೆ ಅದು ಬೇಗ ಒಗ್ಗಿಕೊಳ್ಳುತ್ತದೆ. ನನ್ನ ಹಾವು ಮೂರನೆಯ ತಿಂಗಳಿಗೆಲ್ಲ ನನ್ನ ಕೈ ಕಂಡು ಓಡುವುದನ್ನು ನಿಲ್ಲಿಸಿತು, ಅದರಲ್ಲಿ ಈ ಬಾಗಿಲುಗಳ ಪಾಲೂ ಇದೆಯೆಂದು ನಂಬಿದ್ದೇನೆ.

ದೋಷವಿರುವುದು ಹಿಂಭಾಗದಲ್ಲಿ. ತಂತಿಗಳನ್ನು ಒಳಗೆ ತರಲೆಂದು ಮೇಲ್ಮೂಲೆಯಲ್ಲಿ ಎರಡು ಕಿಂಡಿಗಳಿವೆ, ಅವುಗಳಿಗೆ ಜಾರುವ ಪ್ಲಾಸ್ಟಿಕ್ ಮುಚ್ಚಳಗಳಿವೆ, ಆದರೆ ಆ ಮುಚ್ಚಳಗಳಿಗೆ ಚಿಲಕವಿಲ್ಲ. ಮರಿ ಬಂದ ಒಂಬತ್ತನೆಯ ರಾತ್ರಿ ಅದು ಮೂಗಿನಿಂದ ತಳ್ಳಿ ತಳ್ಳಿ ಒಂದು ಮುಚ್ಚಳವನ್ನು ಬೆರಳಗಲ ಸರಿಸಿ ಹೊರಗೆ ಹೋಯಿತು. ತಲೆ ತೂರುವಷ್ಟು ಜಾಗವಿದ್ದರೆ ಉಳಿದ ಮೈ ತೂರುತ್ತದೆ ಎಂಬುದನ್ನು ನಾನು ಓದಿದ್ದೆ, ನಂಬಿರಲಿಲ್ಲ. ಐದು ದಿನ ಹುಡುಕಿದೆ. ತಪ್ಪಿಸಿಕೊಂಡ ಹಾವು ಕೋಣೆಯ ನಡುವೆ ಅಲೆಯದೆ ಗೋಡೆಯ ಅಂಚು ಹಿಡಿದು ಹೋಗಿ, ಬೆಚ್ಚಗಿರುವ ಇಕ್ಕಟ್ಟಿನಲ್ಲಿ ಸೇರಿಕೊಳ್ಳುತ್ತದೆ. ಬಾಗಿಲುಗಳ ಬಳಿ ತೆಳ್ಳಗೆ ಹಿಟ್ಟು ಉದುರಿಸಿಟ್ಟರೆ ಯಾವ ಕೋಣೆಯಲ್ಲಿ ಓಡಾಡುತ್ತಿದೆ ಎಂಬುದು ಬೆಳಿಗ್ಗೆ ತಿಳಿಯುತ್ತದೆ. ಆರನೆಯ ಬೆಳಿಗ್ಗೆ ಅಡುಗೆಮನೆಯ ಹಿಟ್ಟಿನಲ್ಲಿ ತೆಳುವಾದ ಅಲೆಗೆರೆ ಮೂಡಿತ್ತು, ಮರಿ ಫ್ರಿಜ್ಜಿನ ಹಿಂದೆ ಮೋಟಾರಿನ ಪಕ್ಕದಲ್ಲಿ ಸುರುಳಿಯಾಗಿತ್ತು. ಅದನ್ನು ಎತ್ತಿಕೊಂಡಾಗ ನನ್ನ ಕೈ ನಡುಗುತ್ತಿದ್ದುದು ಇನ್ನೂ ನೆನಪಿದೆ. ಅಂದಿನಿಂದ ಆ ಕಿಂಡಿಗಳನ್ನು ಹೊರಗಿನಿಂದ ಸ್ಕ್ರೂ ಹಾಕಿದ ಲೋಹದ ಪಟ್ಟಿಯಿಂದ ಮುಚ್ಚಿದ್ದೇನೆ. ಈ ಗೂಡು ಕೊಳ್ಳುವವರು ಹಾವು ಬರುವ ಮೊದಲೇ ಈ ಕೆಲಸ ಮುಗಿಸಬೇಕು.

ಇನ್ನು ಶಾಖ. ಹಾವಿನ ಗೂಡಿಗೆ ಒಂದೇ ಉಷ್ಣತೆ ಸಾಲದು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು. ತಿಂದ ಮೇಲೆ ಅರಗಿಸಿಕೊಳ್ಳಲು ಹಾವು ಬೆಚ್ಚಗಿನ ಕಡೆ ಹೋಗುತ್ತದೆ, ಸಾಕೆನಿಸಿದಾಗ ತಂಪಿನ ಕಡೆ ಸರಿಯುತ್ತದೆ, ಹೀಗೆ ಓಡಾಡುತ್ತಲೇ ತನ್ನ ಮೈಯ ಶಾಖವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ನ್ ಸ್ನೇಕಿಗೆ ಬೆಚ್ಚಗಿನ ತುದಿಯ ನೆಲ 29ರಿಂದ 31 ಡಿಗ್ರಿ, ತಂಪಿನ ತುದಿ 22ರಿಂದ 24 ಡಿಗ್ರಿ ಇದ್ದರೆ ಸರಿ. ಬೆಚ್ಚಗಿನ ಕಡೆ ಶಾಖ ಕಡಿಮೆಯಾದರೆ ಹೊಟ್ಟೆಯೊಳಗಿನ ಇಲಿ ಅರಗದೆ ಕೊಳೆಯತೊಡಗುತ್ತದೆ, ಹಾವು ಅದನ್ನು ಹೊರಗೆ ಕಕ್ಕುತ್ತದೆ. ಹೆಚ್ಚಾದರೆ ಹೊಟ್ಟೆಯ ಹುರುಪೆಗಳು ಸುಡುತ್ತವೆ. ಇಲ್ಲಿ ಹೊಸಬರು ಅರಿಯದ ಒಂದು ಸಂಗತಿಯಿದೆ: ಬೆನ್ನಿನ ಮೇಲೆ ಬೀಳುವ ಬಿಸಿಲಿನ ಅಂದಾಜು ಹಾವಿಗೆ ಚೆನ್ನಾಗಿ ಸಿಗುತ್ತದೆ, ಹೊಟ್ಟೆಯ ಕೆಳಗಿನಿಂದ ನಿಧಾನವಾಗಿ ಏರುವ ಬಿಸಿಯಿಂದ ಅದು ಎಷ್ಟೋ ಬಾರಿ ಸಕಾಲದಲ್ಲಿ ಸರಿದುಕೊಳ್ಳುವುದಿಲ್ಲ. ಸುಟ್ಟ ಗಾಯವಾಗುವವರೆಗೂ ಅಲ್ಲೇ ಮಲಗಿದ್ದ ಹಾವುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ.

ಮರಿ ತರುವ ಒಂದು ವಾರ ಮೊದಲೇ ನಾನು ಗೂಡನ್ನು ಜೋಡಿಸಿ ಹೀಟ್ ಮ್ಯಾಟ್ ಹಚ್ಚಿಟ್ಟಿದ್ದೆ, ಅದು ನನ್ನ ಹಾವಿನ ಭಾಗ್ಯವಾಯಿತು. ಮೊದಲ ದಿನ ಸಂಜೆ ಗೋಡೆಯ ಮೇಲಿನ ಮುಳ್ಳಿನ ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತಿತ್ತು. ಹಾಸಿನ ಮೇಲೆ ಅಂಗೈ ಇಟ್ಟರೆ ಹಿತವಾಗಿತ್ತು. ಹಾಸನ್ನು ಸರಿಸಿ, ಬೇರೆಯಾಗಿ ಕೊಂಡಿದ್ದ, ಮುಟ್ಟದೆಯೇ ಮೇಲ್ಮೈಯ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ತಳದ ಗಾಜಿಗೆ ಹಿಡಿದಾಗ ಕಂಡದ್ದು 44 ಡಿಗ್ರಿ. ಗೋಡೆಗಂಟಿದ ಥರ್ಮಾಮೀಟರ್ ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು ಮಾತ್ರ, ಹಾವು ಮಲಗುವುದು ನೆಲದ ಮೇಲೆ. ಕೈಪಿಡಿ ಹೇಳಿದಂತೆ ಐದು ಸೆಂಟಿಮೀಟರ್ ದಪ್ಪ ಹಾಸು ಹಾಕಿದರೆ ಮೇಲ್ಮೈ ತಂಪಾಗಿ ಕಾಣುತ್ತದೆ, ಆದರೆ ಆ ಹಾಸೇ ಕಂಬಳಿಯಂತೆ ಶಾಖವನ್ನು ಕೆಳಗೆ ಹಿಡಿದಿಡುತ್ತದೆ. ಬಿಲ ತೋಡುವ ಸ್ವಭಾವದ ಕಾರ್ನ್ ಸ್ನೇಕ್ ಹಾಸಿನ ಕೆಳಗೆ ಇಳಿದು ನೇರವಾಗಿ ಆ ಗಾಜಿನ ಮೇಲೆಯೇ ಮಲಗುತ್ತದೆ. ಈ ಮೂರು ಸಂಗತಿ ಒಂದಕ್ಕೊಂದು ಸೇರಿದಾಗ ಏನಾಗಬಹುದೆಂದು ತಯಾರಕರಿಗೆ ತಿಳಿಯದೆ ಇರಲಾರದು.

ನಾನು ಅವರಿಗೆ ಪತ್ರ ಬರೆದೆ. ಮ್ಯಾಟ್ ತನ್ನ ಶಾಖವನ್ನು ತಾನೇ ಮಿತಿಯಲ್ಲಿಡುತ್ತದೆ ಎಂಬ ಉತ್ತರ ಎರಡು ವಾರದಲ್ಲಿ ಬಂತು. ಅಳತೆಯ ಚಿತ್ರಗಳನ್ನು ಕಳಿಸಿ ಮತ್ತೆ ಕೇಳಿದೆ, ಉತ್ತರ ಬರಲಿಲ್ಲ. ಮಿತಿಯೆಂದರೆ ಮ್ಯಾಟ್ ಸುಟ್ಟುಹೋಗದಂತೆ ಕಾಯುವ ಮಿತಿ ಎಂದು ನನಗೀಗ ಅರ್ಥವಾಗಿದೆ. ಹಾವಿನ ಚರ್ಮಕ್ಕೆ ಬೇಕಾದ ಮಿತಿ ಅದಕ್ಕಿಂತ ಬಹಳ ಕೆಳಗಿದೆ.

ಹಾಗಾಗಿ ಥರ್ಮೋಸ್ಟಾಟ್ ಬೇರೆಯಾಗಿ ಕೊಂಡೆ. ಹೀಟ್ ಮ್ಯಾಟಿಗೆ, ಹಚ್ಚಿ ಆರಿಸುವ ಸರಳ ಬಗೆಯದೇ ಸಾಕು. ಬಲ್ಬಿನಿಂದ ಶಾಖ ಕೊಡುವವರು ಬೆಳಕನ್ನು ಏರಿಳಿಸುವ ಬಗೆಯದನ್ನು ತೆಗೆದುಕೊಳ್ಳಬೇಕು, ಇಲ್ಲವಾದರೆ ಬಲ್ಬು ದಿನವೆಲ್ಲ ಮಿಣುಕುತ್ತಿರುತ್ತದೆ. ಥರ್ಮೋಸ್ಟಾಟಿನ ಪ್ರೋಬನ್ನು, ಅಂದರೆ ತಂತಿಯ ತುದಿಯಲ್ಲಿ ಶಾಖವನ್ನು ಅಳೆಯುವ ಭಾಗವನ್ನು, ಎಲ್ಲಿ ಇಡಬೇಕೆಂಬುದು ಯಂತ್ರದಷ್ಟೇ ಮುಖ್ಯ. ನಾನು ಮ್ಯಾಟಿಗೂ ತಳದ ಗಾಜಿಗೂ ನಡುವೆ, ಹೊರಭಾಗದಲ್ಲಿ ಇಟ್ಟಿದ್ದೇನೆ. ಗೂಡಿನೊಳಗೆ ಇಟ್ಟರೆ ಹಾವು ಅದನ್ನು ಜರುಗಿಸುತ್ತದೆ, ನೀರು ಚೆಲ್ಲಿ ನೆನೆಸುತ್ತದೆ, ಅದರ ಮೇಲೆ ಮಲವಿಸರ್ಜನೆ ಮಾಡುತ್ತದೆ. ಜಾರಿ ತಂಪಾದ ಜಾಗದಲ್ಲಿ ಬಿದ್ದ ಪ್ರೋಬ್ ಗೂಡು ತಣ್ಣಗಿದೆಯೆಂದೇ ತಿಳಿದು ಮ್ಯಾಟನ್ನು ಆರದೆ ಉರಿಸುತ್ತದೆ. ಹೊರಗಿಟ್ಟಾಗ ಯಂತ್ರ ತೋರಿಸುವ ಅಂಕಿಗೂ ಒಳನೆಲದ ಶಾಖಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬರುತ್ತದೆ. ನನ್ನ ಗೂಡಿನಲ್ಲಿ 33ಕ್ಕೆ ನಿಲ್ಲಿಸಿದರೆ ಒಳಗಿನ ಗಾಜು 30 ಡಿಗ್ರಿಯಲ್ಲಿ ನಿಲ್ಲುತ್ತದೆ, ವಾರಕ್ಕೊಮ್ಮೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪರೀಕ್ಷಿಸುತ್ತೇನೆ. ಬೇರೆಯವರ ಗೂಡಿನ ಲೆಕ್ಕ ಬೇರೆಯಿರುತ್ತದೆ, ಅವರವರೇ ಅಳೆದು ಕಂಡುಕೊಳ್ಳಬೇಕು. ಮ್ಯಾಟ್ ತಳದ ಮೂರನೆಯ ಒಂದು ಭಾಗವನ್ನು ಮೀರಬಾರದು. ಮೀರಿದರೆ ತಂಪಿನ ತುದಿಯೇ ಉಳಿಯುವುದಿಲ್ಲ. ಗೂಡಿಗೆ ರಬ್ಬರಿನ ಪುಟ್ಟ ಕಾಲುಗಳನ್ನು ಕೊಟ್ಟಿದ್ದಾರೆ, ಅವನ್ನು ತಪ್ಪದೆ ಹಚ್ಚಬೇಕು, ಏಕೆಂದರೆ ಕೆಳಗೆ ಗಾಳಿಯಾಡದಿದ್ದರೆ ಮೇಜಿನ ಹಲಗೆಯೂ ಗಾಜೂ ಕಾಯುತ್ತವೆ.

ಮುಳ್ಳಿನ ಥರ್ಮಾಮೀಟರಿನ ತಪ್ಪು ಅಳತೆಯೊಂದಕ್ಕೇ ಸೀಮಿತವಲ್ಲ. ಅದರ ಬೆನ್ನಿಗೆ ಅಂಟುಪಟ್ಟಿಯಿದೆ, ಶಾಖಕ್ಕೆ ಆ ಅಂಟು ಸಡಿಲವಾಗುತ್ತದೆ, ಎರಡನೆಯ ತಿಂಗಳಲ್ಲಿ ನನ್ನದು ಕಳಚಿ ಕೆಳಗೆ ಬಿತ್ತು. ನಾನು ಹತ್ತಿರದಲ್ಲೇ ಇದ್ದುದರಿಂದ ತೆಗೆದೆ. ಅಂಟುಪಟ್ಟಿ ಮರಿಹಾವಿನ ಮೈಗೆ ಹತ್ತಿಕೊಂಡರೆ ಎಳೆದಷ್ಟೂ ಹುರುಪೆಗಳು ಕಿತ್ತುಬರುತ್ತವೆ. ಅಡುಗೆ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬೇಕಾಗುತ್ತದೆ. ಹಾವಿನ ಗೂಡಿನೊಳಗೆ ಯಾವ ಬಗೆಯ ಅಂಟುಪಟ್ಟಿಯೂ ಇರಬಾರದು ಎಂಬ ನಿಯಮ ಸಾಕುವವರಿಗೆಲ್ಲ ಗೊತ್ತಿರುವಾಗ, ಹೊಸಬರಿಗೆಂದೇ ಮಾಡಿದ ಡಬ್ಬದಲ್ಲಿ ಅಂಟುಪಟ್ಟಿಯ ಸಾಧನವನ್ನು ಹಾಕಿರುವುದು ನನಗೆ ಬೇಸರ ತಂದಿದೆ.

ಅಡಗುಗೂಡು ರಾಳದಿಂದ ಮಾಡಿದ ಬಂಡೆಯಂತಿದೆ, ತೊಳೆಯಲು ಸುಲಭ, ಮರಿಗೆ ಒಪ್ಪುವಷ್ಟು ಇಕ್ಕಟ್ಟಾಗಿದೆ. ಇಕ್ಕಟ್ಟು ಇಲ್ಲಿ ಗುಣವೇ: ಮೈಯ ಎರಡೂ ಬದಿ ಗೋಡೆಗೆ ತಾಗುತ್ತಿದ್ದರೆ ಹಾವಿಗೆ ನೆಮ್ಮದಿ. ಆದರೆ ಕೊಟ್ಟಿರುವುದು ಒಂದೇ. ಒಂದನ್ನು ಬೆಚ್ಚಗಿನ ಕಡೆ ಇಟ್ಟರೆ, ಮೈ ಕಾದಾಗಲೂ ಹಾವು ಮರೆಯನ್ನು ಬಿಟ್ಟು ಬಯಲಿಗೆ ಬರಲು ಹೆದರಿ ಅಲ್ಲೇ ಉಳಿಯುತ್ತದೆ; ತಂಪಿನ ಕಡೆ ಇಟ್ಟರೆ, ತಿಂದದ್ದು ಅರಗದಿದ್ದರೂ ಅಲ್ಲಿಂದ ಏಳುವುದಿಲ್ಲ. ಎರಡೂ ಕಡೆ ಮರೆಯಿದ್ದಾಗ ಮಾತ್ರ ಅದು ಶಾಖವನ್ನು ನೋಡಿ ಜಾಗ ಆರಿಸುತ್ತದೆ. ನಾನು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮಗುಚಿ, ಬಾಗಿಲು ಕೊರೆದು, ಅಂಚನ್ನು ಉಜ್ಜಿ ನುಣುಪಾಗಿಸಿ ಎರಡನೆಯದನ್ನು ಮಾಡಿದೆ. ಹಾವು ಅಂದಚೆಂದ ನೋಡಲಿಲ್ಲ, ಅದರಲ್ಲೇ ಹೆಚ್ಚು ಕಾಲ ಕಳೆಯಿತು.

ಪೊರೆ ಬಿಡುವ ಹೊತ್ತಿಗೆ ಮೂರನೆಯದೊಂದು ಬೇಕಾಗುತ್ತದೆ. ಬೆಳೆಯುವ ಮರಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ. ಮೊದಲು ಮೈಬಣ್ಣ ಮಂಕಾಗಿ, ಕಣ್ಣು ಹಾಲುಗಟ್ಟಿದ ನೀಲಿಗೆ ತಿರುಗುತ್ತದೆ, ಕೆಲ ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾದ ಮೇಲೆ ಮೂಗಿನ ತುದಿಯಿಂದ ಪೊರೆ ಸುಲಿಯತೊಡಗುತ್ತದೆ. ಗೂಡು ಒಣಗಿದ್ದರೆ ಅದು ತುಂಡುತುಂಡಾಗಿ ಹರಿದು ಬಾಲದ ತುದಿಯಲ್ಲಿ, ಕಣ್ಣಿನ ಮೇಲೆ ಉಳಿದುಬಿಡುತ್ತದೆ. ಬಾಲದಲ್ಲಿ ಉಳಿದದ್ದು ರಕ್ತಸಂಚಾರವನ್ನು ಬಿಗಿಯುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿರುವ ಪಾರದರ್ಶಕ ಹೊದಿಕೆಯೂ ಪೊರೆಯೊಡನೆ ಕಳಚಬೇಕು. ಉಳಿದರೆ ಅದನ್ನು ಉಗುರಿನಿಂದ ಕೀಳಲು ಹೋಗದೆ ತಿಳಿದವರ ಬಳಿಗೆ ಒಯ್ಯಬೇಕು. ನೆನೆಸಿ ಹಿಂಡಿದ ಪಾಚಿಯನ್ನು ತುಂಬಿದ ಒಂದು ಮುಚ್ಚಿದ ಡಬ್ಬಿಯನ್ನು ಕಣ್ಣು ನೀಲಿಯಾದಾಗ ಒಳಗಿಟ್ಟರೆ ಇದೆಲ್ಲ ತಪ್ಪುತ್ತದೆ. ನನ್ನ ಹಾವಿನ ಮೊದಲ ಪೊರೆ ಐದು ತುಂಡಾಗಿ ಬಂತು, ಆ ಡಬ್ಬಿ ಇಟ್ಟ ಮೇಲಿನವೆಲ್ಲ ಕಾಲುಚೀಲ ಕಳಚಿದಂತೆ ಇಡಿಯಾಗಿ ಬಂದಿವೆ. ಕೈಪಿಡಿಯಲ್ಲಿ ಪೊರೆಯ ಬಗ್ಗೆ ಇರುವುದು ಮೂರು ಸಾಲು.

ತೆಂಗಿನ ನಾರಿನ ಹಾಸು ಕೆಟ್ಟದ್ದಲ್ಲ, ಒಣಗಿದಾಗ ಧೂಳೇಳುತ್ತದೆ ಅಷ್ಟೆ. ನಾನು ಆಸ್ಪೆನ್ ಮರದ ಚಕ್ಕೆಗೆ ಬದಲಿಸಿದೆ. ಅದರಲ್ಲಿ ತೋಡಿದ ಸುರಂಗಗಳು ಕುಸಿಯುವುದಿಲ್ಲ, ಹಾವಿಗೂ ಇಷ್ಟ. ಸೀಡರ್ ಮರದ ಚಕ್ಕೆಯನ್ನಂತೂ ಬಳಸಲೇಬಾರದು, ಅದರ ಘಾಟಿನ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಹಾನಿ. ನೀರಿನ ಬಟ್ಟಲು ಭಾರವಾಗಿದೆ, ಮಗುಚುವುದಿಲ್ಲ.

ಆಹಾರದ ಬಗ್ಗೆ ಕೈಪಿಡಿಯ ಎರಡು ಸಲಹೆಗಳನ್ನು ಪಾಲಿಸಬಾರದೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ವಾರಕ್ಕೊಂದು ಇಲಿಯಂತೆ ಜೀವನಪೂರ್ತಿ ಕೊಡಿ ಎನ್ನುತ್ತದೆ. ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ ಕೂದಲು ಹುಟ್ಟದ ಇಲಿಮರಿ ಸರಿ, ಆದರೆ ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ಇಲಿ ಸಾಕು. ಹೆಚ್ಚಾದದ್ದು ಕೊಬ್ಬಾಗಿ ಯಕೃತ್ತನ್ನು ಕೆಡಿಸುತ್ತದೆ. ಇನ್ನೊಂದು, ತಿನ್ನಿಸಲು ಹಾವನ್ನು ಬೇರೊಂದು ಡಬ್ಬಕ್ಕೆ ವರ್ಗಾಯಿಸಿ ಎಂಬುದು. ಗೂಡಿನಲ್ಲೇ ತಿನ್ನಿಸಿದರೆ ಕೈಯನ್ನು ಕಚ್ಚುವ ಅಭ್ಯಾಸವಾಗುತ್ತದೆಂಬ ಹಳೆಯ ನಂಬಿಕೆ ಇದಕ್ಕೆ ಕಾರಣ. ತಿಂದ ಕೂಡಲೇ ಎತ್ತಿ ಸಾಗಿಸಿದ ಹಾವು ಕಕ್ಕುವ ಸಂಭವ ಹೆಚ್ಚು, ಕಕ್ಕಿದ ಹಾವಿನ ಅನ್ನನಾಳ ಸುಧಾರಿಸಲು ಹತ್ತು ಹದಿನಾಲ್ಕು ದಿನ ಏನೂ ಕೊಡದೆ ಕಾಯಬೇಕಾಗುತ್ತದೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕೆ ಸರಿಸಮನಾದ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಕೊಡುವ ಮುನ್ನ ಬೆಚ್ಚಗಿನ ನೀರಿನಲ್ಲಿ ಕಾಯಿಸಿ, ಉದ್ದನೆಯ ಇಕ್ಕಳದಿಂದ ಗೂಡಿನೊಳಗೇ ಕೊಡುವುದು ಹಾವಿಗೂ ಬೆರಳಿಗೂ ಕ್ಷೇಮ. ಇಕ್ಕಳವೂ ಈ ಡಬ್ಬದಲ್ಲಿಲ್ಲ. ಜೀವಂತ ಇಲಿಯನ್ನು ಬಿಡುವುದನ್ನು ನಾನು ಒಪ್ಪುವುದಿಲ್ಲ: ಇಲಿಗೆ ಅದು ಭಯದ ಸಾವು, ಹಸಿವಿಲ್ಲದ ಹಾವಿಗೆ ಇಲಿಯ ಹಲ್ಲಿನ ಗಾಯ.

ಕೈಯಲ್ಲಿ ಹಿಡಿಯುವ ಮಾತಿನಲ್ಲಿ ಕೈಪಿಡಿ ಸರಿಯಾಗಿಯೇ ಇದೆ. ಬಂದ ಮೊದಲ ಎರಡು ವಾರ ಮುಟ್ಟದಿರುವುದು, ತಿಂದ ಮೇಲೆ 48 ಗಂಟೆ ಎತ್ತದಿರುವುದು, ಪೊರೆ ಬಿಡುವಾಗ ಕಾಡದಿರುವುದು, ಹಿಡಿದ ಮೇಲೆ ಕೈ ತೊಳೆಯುವುದು ಇವೆಲ್ಲ ಅದರಲ್ಲಿವೆ. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಮನುಷ್ಯರಿಗೆ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು ಎಂಬ ಕಾರಣವನ್ನೂ, ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಾವು ತಕ್ಕದ್ದಲ್ಲ ಎಂಬುದನ್ನೂ ಸೇರಿಸಿದ್ದರೆ ಪೂರ್ಣವಾಗುತ್ತಿತ್ತು. ಸರೀಸೃಪಗಳನ್ನು ನೋಡಬಲ್ಲ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ, ಹಾವು ಬಾಯಿ ತೆರೆದು ಉಸಿರಾಡತೊಡಗಿದ ರಾತ್ರಿ ಅವರನ್ನು ಹುಡುಕಲು ಹೊರಡುವಂತಾಗಬಾರದು. ಆ ವಿಚಾರಣೆ ಹಾವು ಕೊಳ್ಳುವ ಮೊದಲೇ ಆಗಬೇಕು.

ಕೊನೆಯದಾಗಿ ಗಾತ್ರ. ಬೆಳೆದ ಕಾರ್ನ್ ಸ್ನೇಕಿಗೂ ಈ ಗೂಡು ಸಾಕೆಂದು ಡಬ್ಬ ಹೇಳುತ್ತದೆ. ಹಾವು ಹೆಚ್ಚು ಅಲುಗಾಡುವುದಿಲ್ಲ, ಗೂಡಿನ ಉದ್ದ ಅಗಲ ಸೇರಿ ಹಾವಿನ ಉದ್ದದಷ್ಟಾದರೆ ಸಾಕು ಎಂಬುದು ಹಿಂದಿನ ಲೆಕ್ಕ. ಮೈಯನ್ನು ನೆಟ್ಟಗೆ ಚಾಚುವಷ್ಟು ಜಾಗವಿರಬೇಕು ಎಂದು ಈಗ ಸಾಕುವವರೂ ವೈದ್ಯರೂ ಹೆಚ್ಚುಹೆಚ್ಚಾಗಿ ಹೇಳುತ್ತಿದ್ದಾರೆ, ನನ್ನ ಕಣ್ಣೂ ಅದನ್ನೇ ಹೇಳಿತು. ಒಂದು ವರ್ಷ ಎಂಟು ತಿಂಗಳಲ್ಲಿ ನನ್ನ ಹಾವು 95 ಸೆಂಟಿಮೀಟರ್ ಆಗಿ, ರಾತ್ರಿ ಗಾಜಿನ ಅಂಚಿಗೆ ಮೂಗು ಉಜ್ಜುತ್ತ ಸುತ್ತತೊಡಗಿತು. 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ ಮರದ ಗೂಡಿಗೆ ಬದಲಿಸಿದ ಮೇಲೆ ಅದು ಕೊಂಬೆ ಹತ್ತುವುದನ್ನು, ಪೂರ್ತಿ ನೀಳವಾಗಿ ಚಾಚಿಕೊಂಡು ಮಲಗುವುದನ್ನು ಮೊದಲ ಬಾರಿಗೆ ಕಂಡೆ, ಮೂಗು ಉಜ್ಜುವುದು ವಾರದೊಳಗೆ ನಿಂತಿತು. ಮರಿಯನ್ನು ನೇರವಾಗಿ ದೊಡ್ಡ ಗೂಡಿನಲ್ಲೇ ಇಡಬಹುದೇ ಎಂದರೆ, ಎಲೆ, ತೊಗಟೆ, ಅಡಗುಗೂಡುಗಳಿಂದ ಬಯಲು ಕಾಣದಂತೆ ತುಂಬಿದರೆ ಖಂಡಿತ ಇಡಬಹುದು. ತೆರಪು ಬಿಟ್ಟರೆ ಅದು ಹೆದರಿ ತಿನ್ನುವುದನ್ನು ನಿಲ್ಲಿಸುತ್ತದೆ.

ಹೀಗಾಗಿ ಈ ಸಿದ್ಧ ಗೂಡನ್ನು ಕಾರ್ನ್ ಸ್ನೇಕಿನ ಮರಿಗೆ, ಮೊದಲ ಒಂದೂವರೆ ವರ್ಷಕ್ಕೆ, ಥರ್ಮೋಸ್ಟಾಟ್, ಇನ್‌ಫ್ರಾರೆಡ್ ಥರ್ಮಾಮೀಟರ್, ಇನ್ನೊಂದು ಅಡಗುಗೂಡು, ಇಕ್ಕಳ ಇಷ್ಟನ್ನೂ ಜೊತೆಗೆ ಕೊಳ್ಳಲು ಸಿದ್ಧರಿರುವವರು ಕೊಳ್ಳಬಹುದು. ಬಾಲ್ ಪೈಥಾನಿಗೆ ಬೇಡ, ಬೋವಾಕ್ಕೆ ಬೇಡವೇ ಬೇಡ. ಬೆಳೆದ ಹಾವನ್ನೇ ತರುವವರು ನೇರವಾಗಿ ದೊಡ್ಡ ಗೂಡಿಗೆ ಹೋಗುವುದು ಲೇಸು. ನನ್ನ ಹಳೆಯ ಗೂಡು ಈಗ ಬೇರೆ ಕೋಣೆಯಲ್ಲಿದೆ. ಕಾಯಿಲೆ ಬಿದ್ದಾಗ ಹಾವನ್ನು ಬೇರೆಯಿಡಲೆಂದು ಅದರ ತಳಕ್ಕೆ ಬಿಳಿ ಕಾಗದ ಹಾಸಿಟ್ಟಿದ್ದೇನೆ, ಕಿಂಡಿಗಳ ಲೋಹದ ಪಟ್ಟಿ ಹಾಗೆಯೇ ಇದೆ, ಮ್ಯಾಟ್ ಥರ್ಮೋಸ್ಟಾಟಿನ ಮೂಲಕವೇ ಉರಿಯುತ್ತದೆ.